ಮಹಾಪಂಡಿತ ಡೆಸ್ ಮತ್ತು ಮೂರು ಗಂಟೆಯ ನೀರು

ಅಡಿಲೇಡ್ ಕಡೆಯ ಕಡಲತೀರದ ನಮ್ಮ ಪೋರ್ಟ್ ಟ್ರೆಗೋವನ್ ಊರಿನಲ್ಲಿ ಕಂಪ್ಯೂಟರ್ ವಿಷಯ ಬಂದಾಗ ಕೊನೆಯ ಮಾತು ನನ್ನ ಭಾವ ಡೆಸ್ ನ್ಯಾಂಕಿವೆಲ್ ಅವರದು. ಅವರಿಗೆ ಕಂಪ್ಯೂಟರ್ ಬರುವುದಿಲ್ಲ ಎಂಬ ಸಣ್ಣ ಸಂಗತಿ ಈ ಗೌರವಕ್ಕೆ ಎಂದೂ ಅಡ್ಡ ಬಂದಿಲ್ಲ. ಇದು ಹೇಗಾಯಿತೆಂದು ಹೇಳಲು ನನಗಿಂತ ಯೋಗ್ಯರು ಬೇರೆ ಯಾರೂ ಸಿಗಲಾರರು. ನಾನು ಅವರ ಹೆಂಡತಿಯ ತಮ್ಮ, ಪಕ್ಕದ ಮನೆಯವನು, ಹುಲ್ಲಿನ ಮೇಲೆ ಗುಂಡು ಉರುಳಿಸಿ ಆಡುವ ಬೌಲ್ಸ್ ಕ್ಲಬ್ಬಿನ ಸದಸ್ಯ. ಮೇಲಾಗಿ ಈ ಪ್ರಕರಣದಲ್ಲಿ ಊರಿಗೆಲ್ಲ ಮೊದಲು ಒದ್ದೆಯಾದವನೂ ನಾನೇ.

ಭಾವ ಜೀವಮಾನವೆಲ್ಲ ಶಾಲೆಯ ಬಸ್ಸು ಓಡಿಸಿದವರು. ನಿವೃತ್ತರಾದ ಮೇಲೆ ಕ್ಲಬ್ಬಿನ ಹುಲ್ಲುಹಾಸಿನ ಉಸ್ತುವಾರಿ ವಹಿಸಿಕೊಂಡರು. ಬೆಳಿಗ್ಗೆ ಎದ್ದು ಹೆಂಡತಿಯ ಮುಖ ನೋಡುವ ಮೊದಲು ಹುಲ್ಲಿನ ಮುಖ ನೋಡಿ ಬರುತ್ತಿದ್ದರು. ಅದರ ಗೇಟಿನ ಕೀಲಿಯನ್ನು ದಾರಕ್ಕೆ ಪೋಣಿಸಿ ಕತ್ತಿಗೆ ಹಾಕಿಕೊಂಡಿದ್ದರು. ಸ್ನಾನ ಮಾಡುವಾಗಲೂ ತೆಗೆಯುತ್ತಿರಲಿಲ್ಲ. "ಮದುವೆ ಉಂಗುರಾನ ಮೀನು ಹಿಡಿಯೋಕೆ ಹೋಗಿ ಸಮುದ್ರಕ್ಕೆ ಬಿಟ್ಟು ಬಂದರು. ಈ ಕೀಲಿ ನೋಡು, ಎಷ್ಟು ಜೋಪಾನ!" ಎಂದು ಗ್ಲೆನಿಸ್ ಅಕ್ಕ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದಳು.

ಬೇಸಿಗೆ ಶುರುವಾಗುವ ಹೊತ್ತಿಗೆ ಕ್ಲಬ್ಬು ಒಂದು ಹೊಸ ಪೆಟ್ಟಿಗೆ ಕೊಂಡಿತು. ಇಂಟರ್ನೆಟ್ಟಿಗೆ ಜೋಡಿಸಿದರೆ ಬೆಳಗಿನ ಜಾವ ಮೂರಕ್ಕೆ ತಾನಾಗಿಯೇ ಹುಲ್ಲಿಗೆ ನೀರು ಬಿಡುವ ಪೆಟ್ಟಿಗೆ. ಪಕ್ಕದವರ ಮಾತು ಕೇಳದೆ, ಜೊತೆಗೆ ಬಂದ ಪುಸ್ತಕವನ್ನೂ ತೆರೆಯದೆ, ಭಾವ ಅದನ್ನು ಕ್ಲಬ್ಬಿನ ಕಚೇರಿಯ ಗೋಡೆಗೆ ಕೂರಿಸಿದರು.

"ಬಸ್ಸಿಗಿಂತ ದೊಡ್ಡದೇನೋ ಇದು?" ಎಂದರು.

ಮರುದಿನ ಮಧ್ಯಾಹ್ನ ಸರಿಯಾಗಿ ಮೂರಕ್ಕೆ, ನಾನು ಬಿಳಿ ಬಟ್ಟೆ ತೊಟ್ಟು, ಬಗ್ಗಿ, ಒಂದು ಕಣ್ಣು ಮುಚ್ಚಿ ಗುಂಡು ಉರುಳಿಸಲು ಗುರಿ ಹಿಡಿದಿದ್ದಾಗ ಹುಲ್ಲಿನ ನಾಲ್ಕೂ ಕಡೆಯಿಂದ ನೀರು ಚಿಮ್ಮಿತು. ಆ ಪೆಟ್ಟಿಗೆ ತಾನು ಭೂಗೋಳದ ಆಚೆ ಬದಿಯಲ್ಲಿ ಇದ್ದೇನೆಂದು ತಿಳಿದಿತ್ತು. ಅದರ ಪ್ರಕಾರ ನಮ್ಮ ಮಧ್ಯಾಹ್ನದ ಮೂರೇ ಬೆಳಗಿನ ಜಾವ.

ಕ್ಲಬ್ಬಿನ ಅಧ್ಯಕ್ಷ ರಾಯ್ಸ್ ಪೆನ್‌ಹೇಲ್ ಟ್ರ್ಯಾಕ್ಟರ್ ವ್ಯಾಪಾರಿ. ಭಾವನ ಜೊತೆ ಒಂದೇ ಬೆಂಚಿನಲ್ಲಿ ಓದಿದವನು, ಅಂದಿನಿಂದ ಇಂದಿನವರೆಗೂ ಅವರ ಮೇಲೆ ಒಂದು ಕಣ್ಣಿಟ್ಟವನು. ಸಮಿತಿ ಸಭೆಯಲ್ಲಿ ಒದ್ದೆ ಟೋಪಿಯನ್ನು ಮೇಜಿನ ಮೇಲೆ ಹಿಂಡಿ ಮಾತು ತೆಗೆದ.

"ನೋಡು ಡೆಸ್, ಈ ಸಲ ಫೈನಲ್ ನಮ್ಮಲ್ಲಿ. ಬಾರೋ ಹಿಲ್‌ನವರು ಬಸ್ಸು ತುಂಬ ಬರ್ತಾರೆ. ಅವರ ಮೇಲೆ ನೀರು ಬಿತ್ತೋ, ಆವತ್ತೇ ಕೀಲಿ ಬಿಚ್ಚಿ ಇಲ್ಲಿಡು. ನನ್ನ ಅಳಿಯ ಅಡಿಲೇಡ್‌ನಲ್ಲಿ ಇದೇ ಕೆಲಸ ಮಾಡ್ತಾನೆ. ಓದ್ಕೊಂಡಿದಾನೆ."

"ಹುಲ್ಲು ಬೆಳೆಸೋಕೂ ಓದಬೇಕೇನೋ?" ಎಂದರು ಭಾವ. "ಎಲ್ಲಾ ನನ್ನ ಹತೋಟಿಯಲ್ಲಿದೆ. ಹೋಗಿ ಟೋಪಿ ಒಣಗಿಸ್ಕೋ."

ಹೊರಗೆ ಬಂದಾಗ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದರು. ಆ ಕೀಲಿ ಹೋದರೆ ಭಾವನಿಗೆ ಬೆಳಿಗ್ಗೆ ಎದ್ದು ಹೋಗಲು ಬೇರೆ ಜಾಗವಿಲ್ಲ ಎಂದು ನನಗೆ ಗೊತ್ತಿತ್ತು.

ಮುಖ್ಯ ನಲ್ಲಿ ತಿರುಗಿಸಿಬಿಟ್ಟರೆ ಆಗದೇ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಅದನ್ನು ತಿರುಗಿಸಿದರೆ ಹುಲ್ಲಿನ ಜೊತೆಗೆ ಕ್ಲಬ್ಬಿನ ಶೌಚಾಲಯಗಳೂ ಒಣಗುತ್ತವೆ. ನಮ್ಮ ಸದಸ್ಯರ ವಯಸ್ಸಿಗೆ ಅದು ಆಗುವ ಹೋಗುವ ಮಾತಲ್ಲ. ಕರೆಂಟು ತೆಗೆದರೆ ಪೆಟ್ಟಿಗೆಯೊಳಗಿನ ಬ್ಯಾಟರಿ ಎಚ್ಚೆತ್ತು ಇನ್ನಷ್ಟು ಹುರುಪಿನಿಂದ ನೀರು ಬಿಡುತ್ತಿತ್ತು. ಅಂಗಡಿಗೆ ಫೋನ್ ಮಾಡಿದರೆ ಒಬ್ಬಳು ಇಂಪಾದ ದನಿಯಲ್ಲಿ, "ದಯವಿಟ್ಟು ಬಳಕೆದಾರರ ಫೋರಂನಲ್ಲಿ ವಿಚಾರಿಸಿ" ಎಂದಳು.

ಹೀಗೆ ಭಾವ ಫೋರಂಗೆ ಕಾಲಿಟ್ಟರು. ಆ ಪೆಟ್ಟಿಗೆ ಕೊಂಡ ಲೋಕದ ಜನರೆಲ್ಲ ಸೇರಿ ಒಬ್ಬರಿಗೊಬ್ಬರು ನೆರವಾಗಲೆಂದು ಕಟ್ಟಿಕೊಂಡ ಜಾಗ ಅದು. ಭಾವ ಒಂದೊಂದೇ ಅಕ್ಷರ ಒತ್ತಿ ಬರೆದರು: "ಎಲ್ಲರಿಗೂ ನಮಸ್ಕಾರ. ನನ್ನ ಪೆಟ್ಟಿಗೆ ಹಗಲನ್ನು ರಾತ್ರಿ ಎಂದುಕೊಂಡಿದೆ. ಅದರ ಗಡಿಯಾರ ಬದಲಾಯಿಸುವುದು ಹೇಗೆ? ಇಲ್ಲಿ ಗಾಳಿ ಜಾಸ್ತಿ. ನೀವೆಲ್ಲ ಕ್ಷೇಮವೇ?"

ಮೊದಲ ಉತ್ತರ ಬಂದದ್ದು ಫೋರಂನ ಮೇಲ್ವಿಚಾರಕನಿಂದ. ಅಲ್ಲಿ ಅವನು ಇಟ್ಟುಕೊಂಡ ಹೆಸರು ಉಕ್ಕಿನಹಲ್ಲು. ಚಿತ್ರದ ಜಾಗದಲ್ಲಿ ತೋಳವೊಂದು ಹಲ್ಲು ಕಿರಿಯುತ್ತಿತ್ತು. "ಮೊದಲು ಹುಡುಕಿ, ಆಮೇಲೆ ಕೇಳಿ" ಎಂದಿದ್ದ. ಎರಡನೆಯವ, "ಮಾದರಿ ಸಂಖ್ಯೆ ಹೇಳದೆ ಕೇಳುವವರನ್ನು ದೇವರೇ ಕಾಪಾಡಬೇಕು" ಎಂದ. ಮತ್ತೊಬ್ಬ, "ಈ ಪೆಟ್ಟಿಗೆ ಕೊಂಡದ್ದೇ ತಪ್ಪು, ನಾನು ಆಗಲೇ ಹೇಳಿದ್ದೆ" ಎಂದ. ಇನ್ನೊಬ್ಬಳು, "ಇದು ಕೊಳವೆಗಳ ವಿಭಾಗ, ಗಡಿಯಾರದ ಪ್ರಶ್ನೆ ಇಲ್ಲಿ ಯಾಕೆ?" ಎಂದು ಗದರಿದಳು.

ಭಾವ ವಿಧೇಯರಾಗಿ ಹುಡುಕಿದರು. ಇದೇ ಪ್ರಶ್ನೆಯನ್ನು ಮೊದಲೇ ಒಬ್ಬ ಕೇಳಿದ್ದ. ಅವನಿಗೆ ಉಕ್ಕಿನಹಲ್ಲು, ಮೊದಲು ಹುಡುಕಿ ಎಂದಿದ್ದ. ಅದಕ್ಕೂ ಮುಂಚೆ ಇನ್ನೊಬ್ಬ ಕೇಳಿದ್ದ. ಅವನಿಗೂ ಅದೇ ಪ್ರಸಾದ. ತೀರಾ ತಳದಲ್ಲಿ, ಎಲ್ಲರಿಗಿಂತ ಮೊದಲು ಕೇಳಿದ ಪುಣ್ಯಾತ್ಮನೊಬ್ಬ, "ಬಿಡಿ, ಸರಿಹೋಯಿತು" ಎಂದು ಬರೆದು ಮಾಯವಾಗಿದ್ದ. ಹೇಗೆ ಸರಿಹೋಯಿತೆಂದು ಹೇಳಿರಲಿಲ್ಲ.

"ಆ ಮನುಷ್ಯನ ವಿಳಾಸ ಕೊಡಿ ಇಲ್ಲಿ," ಎಂದಳು ಗ್ಲೆನಿಸ್ ಅಕ್ಕ. "ನಾನೇ ಹೋಗಿ ಬಾಯಿ ಬಿಡಿಸ್ತೀನಿ."

ಬೇರೆ ಯಾರಾದರೂ ಆಗಿದ್ದರೆ ಮುನಿಸಿಕೊಂಡು ಎದ್ದು ಹೋಗುತ್ತಿದ್ದರು. ಆದರೆ ನಮ್ಮ ಕಡೆಯ ರಸ್ತೆಗಳಲ್ಲಿ ಒಂದು ರಿವಾಜು ಇದೆ. ಎದುರಿಗೆ ಬರುವ ಗಾಡಿ ಯಾರದೇ ಇರಲಿ, ಸ್ಟಿಯರಿಂಗ್ ಮೇಲಿನ ತೋರುಬೆರಳನ್ನು ಎತ್ತಿ ನಮಸ್ಕಾರ ಹೇಳಬೇಕು. ಎತ್ತದವನ ಮನೆತನದ ಬಗ್ಗೆ ಊರು ಸಂಜೆಯವರೆಗೂ ಮಾತಾಡುತ್ತದೆ. ಜೀವಮಾನವೆಲ್ಲ ಆ ಬೆರಳು ಎತ್ತಿದ ಭಾವನಿಗೆ ಬೈಗುಳವೂ ಒಂದು ಗಾಡಿಯೇ. ಬೈದ ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ, "ವಂದನೆಗಳು. ಇಲ್ಲಿ ಗಾಳಿ ಜಾಸ್ತಿ" ಎಂದು ಬರೆದರು. ಆಮೇಲೆ ಫೋರಂನಲ್ಲಿ ಹೊಸಬರ ಪರಿಚಯಕ್ಕೆಂದೇ ಒಂದು ವಿಭಾಗವಿರುವುದು ಕಣ್ಣಿಗೆ ಬಿತ್ತು. ಸಾವಿರಾರು ಜನ ಅಲ್ಲಿ ಬಂದು ನಮಸ್ಕಾರ ಹೇಳಿದ್ದರು. ಒಬ್ಬರಿಗೂ ಯಾರೂ ಮರುನಮಸ್ಕಾರ ಹೇಳಿರಲಿಲ್ಲ.

"ನೆವ್, ನೋಡೋ ಇಲ್ಲಿ," ಎಂದು ನನ್ನನ್ನು ಕರೆದರು, ಕಣ್ಣು ತೇವವಾಗಿತ್ತು. "ಪಾಪ, ಕೈ ಎತ್ಕೊಂಡು ಹಾಗೇ ನಿಂತಿದಾರೆ!"

ಭಾವ ಕುರ್ಚಿ ಎಳೆದುಕೊಂಡು ಕೂತರು. ಫಿನ್ಲೆಂಡಿನವನಿಗೂ ಪೆರುವಿನವಳಿಗೂ ಸಮೋವದ ಪಾದ್ರಿಗೂ ಒಬ್ಬೊಬ್ಬರಿಗೇ ನಮಸ್ಕಾರ ಹೇಳುತ್ತಾ ಹೋದರು. ಎಷ್ಟೋ ಜನ ಆ ಪೆಟ್ಟಿಗೆಯನ್ನು ಬಿಸಾಡಿ ಕಾಲವಾಗಿತ್ತು, ಕೆಲವರು ತಾವೇ ಕಾಲವಾಗಿದ್ದಿರಬಹುದು. ಭಾವ ಯಾರನ್ನೂ ಬಿಡಲಿಲ್ಲ.

ಆ ಫೋರಂನ ಪದ್ಧತಿಯೊಂದು ಭಾವನಿಗೆ ಗೊತ್ತಿರಲಿಲ್ಲ. ಅಲ್ಲಿ ಪದವಿ ಸಿಗುವುದು ಬುದ್ಧಿ ನೋಡಿ ಅಲ್ಲ, ಎಷ್ಟು ಸಲ ಬರೆದಿದ್ದೀರಿ ಎಂದು ನೋಡಿ. ಹೊಸಬ ಒಂದಷ್ಟು ಬರೆದರೆ ಸದಸ್ಯನಾಗುತ್ತಾನೆ, ಇನ್ನಷ್ಟು ಬರೆದರೆ ಹಿರಿಯ ಸದಸ್ಯ. ಅದರಾಚೆಗೆ ಏನಿದೆಯೆಂದು ಬಲ್ಲವರು ಕಡಿಮೆ. ಒಂದು ಬೆಳಿಗ್ಗೆ ಗ್ಲೆನಿಸ್ ಅಕ್ಕ ಕಂಪ್ಯೂಟರ್ ಒರೆಸಲು ಹೋದವಳು ಕಿರುಚಿಕೊಂಡಳು. ಗಂಡನ ಹೆಸರಿನ ಪಕ್ಕದಲ್ಲಿ ಚಿನ್ನದ ನಕ್ಷತ್ರ ಮಿನುಗುತ್ತಿತ್ತು. ಕೆಳಗೆ ಬರೆದಿತ್ತು: ಮಹಾಪಂಡಿತ.

"ರೀ! ಏನ್ರೀ ಇದು?"

ಭಾವ ಕನ್ನಡಕ ಏರಿಸಿ ನೋಡಿದರು. ಆಶ್ಚರ್ಯವೇನೂ ಪಡಲಿಲ್ಲ. "ಗುರುತಿಸಿದ್ದಾರೆ," ಎಂದು ಟೋಸ್ಟಿಗೆ ಉಪ್ಪುಪ್ಪಾದ ಕರಿ ವೆಜಿಮೈಟ್ ಸವರಿಕೊಂಡರು.

ಅಕ್ಕ ಬೇಕರಿಗೆ ಹೋಗಿ ಮಾಂಸ ತುಂಬಿದ ಪೇಸ್ಟಿ ತರುವಷ್ಟರಲ್ಲಿ ಸುದ್ದಿ ಬೇಕರಿ ದಾಟಿ, ಅಂಚೆ ಕಚೇರಿ ದಾಟಿ, ಸಮುದ್ರದೊಳಕ್ಕೆ ಚಾಚಿದ ಜೆಟ್ಟಿಯ ತುದಿಯಲ್ಲಿ ಏಡಿ ಹಿಡಿಯುವವರನ್ನು ಮುಟ್ಟಿತ್ತು. ಮಧ್ಯಾಹ್ನದಿಂದ ಮನೆಯ ಮುಂದೆ ಸಾಲು. ಒಬ್ಬರು ಕಿವಿಯ ಯಂತ್ರ ತಂದರು, ಇನ್ನೊಬ್ಬರು ಬ್ರೆಡ್ ಸುಡುವ ಯಂತ್ರ ತಂದರು. ಚರ್ಚಿನ ಆರ್ಗನ್ ಹೊತ್ತು ತರಲಾಗದೆ ಪಾದ್ರಿ ಅದರ ಫೋಟೋ ತಂದರು. ಭಾವ ಎಲ್ಲವನ್ನೂ ಗಂಭೀರವಾಗಿ ಕೈಯಲ್ಲಿ ತೂಗಿ ನೋಡಿ, "ಆರಿಸಿ, ಸ್ವಲ್ಪ ಬಿಟ್ಟು ಹಚ್ಚಿ" ಎಂದರು. ಅರ್ಧಕ್ಕರ್ಧ ಸರಿಹೋದವು. ಕೀರ್ತಿ ಬೆಳೆಯಲು ಅಷ್ಟು ಸಾಕಿತ್ತು.

ರಾಯ್ಸ್ ಮಾತ್ರ ಬಂದು ಬಾಗಿಲ ಹತ್ತಿರವೇ ನಿಂತ.

"ಅಷ್ಟು ದೊಡ್ಡ ಪಂಡಿತ ಆದ್ಮೇಲೆ ನಿನ್ನೆ ಮಧ್ಯಾಹ್ನಾನೂ ಯಾಕೋ ನೀರು ಬಂತು?"

"ಪರೀಕ್ಷೆ ಮಾಡ್ತಿದೀನಿ."

"ಫೈನಲ್ ಬರೋ ಶನಿವಾರ. ಕೀಲಿ ವಿಷಯ ನಾನು ಮರೆತಿಲ್ಲ."

"ನಾನು ಮರೆತಿದೀನಿ ಅಂದ್ನಾ? ಎಲ್ಲಾ ಹತೋಟಿಯಲ್ಲಿದೆ ಹೋಗೋ."

ಅವನು ಆ ಕಡೆ ಹೋದದ್ದೇ ಭಾವ ಫೋರಂ ತೆರೆದು ಮೊದಲಿನ ಪ್ರಶ್ನೆಯನ್ನೇ ಮತ್ತೆ ಬರೆದರು: ಗಡಿಯಾರ ಬದಲಾಯಿಸುವುದು ಹೇಗೆ? ಈ ಸಲ ಪ್ರಶ್ನೆಯ ಪಕ್ಕದಲ್ಲಿ ಚಿನ್ನದ ನಕ್ಷತ್ರವಿತ್ತು.

ಯಾರೂ ಬೈಯಲಿಲ್ಲ. ಆಮೇಲೆ ಒಬ್ಬ ಅಳುಕುತ್ತಾ ಬರೆದ: "ಮಹಾಪಂಡಿತರು ಗಡಿಯಾರದ ಬಗ್ಗೆ ಕೇಳಿದ್ದಾರೆ. ಇದರಲ್ಲಿ ಏನೋ ಇದೆ." ಮತ್ತೊಬ್ಬ, "ಪೆಟ್ಟಿಗೆಗೆ ಸಮಯವೆಂದರೇನೆಂದು ಗೊತ್ತೇ ಎಂಬುದು ಅವರ ಪ್ರಶ್ನೆಯ ತಿರುಳು" ಎಂದ. ಕೊಳವೆ ವಿಭಾಗದ ಆ ಗದರುವ ಹೆಂಗಸು, "ನಾವು ಹೊಸಬರನ್ನು ಹೇಗೆ ನಡೆಸಿಕೊಳ್ಳುತ್ತೇವೆಂದು ನಮಗೇ ಕನ್ನಡಿ ಹಿಡಿದಿದ್ದಾರೆ, ನಾಚಿಕೆಯಾಗುತ್ತಿದೆ" ಎಂದು ಕಣ್ಣೀರಿನ ಚಿತ್ರ ಹಾಕಿದಳು. ಜರ್ಮನಿಯವನೊಬ್ಬ ಪುಟಗಟ್ಟಲೆ ಪ್ರಬಂಧ ಬರೆದು ಎರಡು ನಕ್ಷೆಗಳನ್ನು ಜೋಡಿಸಿದ. ಚರ್ಚೆ ಉದ್ದವಾಯಿತು, ಪಕ್ಷಗಳಾದವು, ಪಕ್ಷಗಳೊಳಗೆ ಒಳಪಕ್ಷಗಳಾದವು. ಉತ್ತರ ಮಾತ್ರ ಯಾರೂ ಹೇಳಲಿಲ್ಲ.

"ನಿಜವಾಗಿಯೂ ಗೊತ್ತಿಲ್ಲ, ಅದಕ್ಕೇ ಕೇಳುತ್ತಿದ್ದೇನೆ" ಎಂದು ಭಾವ ಬರೆದರು.

"ಎಂಥ ವಿನಯ!" ಎಂದು ಫೋರಂ ತಲೆಬಾಗಿತು.

ಶುಕ್ರವಾರ ಉಕ್ಕಿನಹಲ್ಲಿನಿಂದಲೇ ಒಂದು ಖಾಸಗಿ ಸಂದೇಶ ಬಂತು. ತಾನು ಮರ್ರೇ ಬ್ರಿಜ್ ಊರಿನವನೆಂದೂ, ಮಹಾಪಂಡಿತರು ಇದೇ ಸೀಮೆಯವರೆಂದು ತಿಳಿದು ರೋಮಾಂಚನವಾಯಿತೆಂದೂ, ನಾಳೆ ಖುದ್ದಾಗಿ ಬಂದು ಕಾಣುವುದಾಗಿಯೂ ಬರೆದಿದ್ದ. ಭಾವ ನನ್ನ ಬೆನ್ನಿಗೆ ಬಡಿದರು. "ಮುಗೀತು ನೆವ್! ಅಸಲಿ ಮೇಲ್ವಿಚಾರಕನೇ ಬರ್ತಿದಾನೆ. ಒಂದು ತಿರುಪು ತಿರುಗಿಸಿದ್ರೆ ಆಯ್ತು."

ಶನಿವಾರ ಬಿಸಿಲು ನಲವತ್ತು ಡಿಗ್ರಿ. ನೊಣಗಳು ಮೂಗಿನ ತುದಿಯಲ್ಲೇ ಸಂಸಾರ ಹೂಡಿದ್ದವು. ಬಾರೋ ಹಿಲ್‌ನವರು ಬಸ್ಸಿನಿಂದ ಇಳಿದರು. ಅವರ ನಾಯಕಿ ಥೆಲ್ಮಾ ಕ್ವಿಕ್ ಎತ್ತರದ ಹೆಂಗಸು, ಯಾರನ್ನು ನೋಡಿದರೂ ಅಳತೆ ತೆಗೆದುಕೊಳ್ಳುವಂತೆ ನೋಡುವವಳು. ಆಟ ಶುರುವಾಯಿತು. ಎರಡೂವರೆಯ ಹೊತ್ತಿಗೆ ಉಕ್ಕಿನಹಲ್ಲು ಬಂದ. ತೋಳದ ಲಕ್ಷಣ ಯಾವುದೂ ಇರಲಿಲ್ಲ. ತೆಳ್ಳಗಿನ, ಕುತ್ತಿಗೆ ಉದ್ದದ ಮನುಷ್ಯ, ಹೆಸರು ಲಿಂಡ್ಸೆ. ಒಂದು ಡಬ್ಬಿ ತುಂಬ ಏಪ್ರಿಕಾಟ್ ಜಾಮ್ ತಂದಿದ್ದ. ಎರಡೂ ಕೈಯಿಂದ ಭಾವನ ಕೈ ಹಿಡಿದುಕೊಂಡ.

"ಸರ್, ನಿಮ್ಮನ್ನ ನೋಡಿದ್ದು ನನ್ನ ಭಾಗ್ಯ."

"ನಿಮ್ಮನ್ನ ನೋಡಿದ್ದು ನನ್ನ ಭಾಗ್ಯ," ಎಂದರು ಭಾವ ಅದಕ್ಕಿಂತ ಮನಸ್ಸಿಟ್ಟು, ಅವನನ್ನು ನೇರವಾಗಿ ಪೆಟ್ಟಿಗೆಯ ಮುಂದೆ ತಂದು ನಿಲ್ಲಿಸಿದರು.

ಇಬ್ಬರೂ ಪೆಟ್ಟಿಗೆಯನ್ನು ನೋಡಿದರು. ಭಾವ ಲಿಂಡ್ಸೆಗಾಗಿ ಕಾದರು. ಲಿಂಡ್ಸೆ ಭಾವನಿಗಾಗಿ ಕಾದ. ಒಬ್ಬರಿಗೊಬ್ಬರು ಮುಗುಳ್ನಕ್ಕರು.

"ನೀವು ಮೊದಲು," ಎಂದರು ಭಾವ.

"ಅಯ್ಯೋ, ನಿಮ್ಮ ಮುಂದೆ ನಾನಾ? ನೀವೇ ಸರ್."

ಗಡಿಯಾರ ಮೂರರತ್ತ ಸರಿಯುತ್ತಿತ್ತು. ರಾಯ್ಸ್ ಹುಲ್ಲಿನ ಅಂಚಿನಲ್ಲಿ ನಿಂತು ಇತ್ತ ಕಡೆಯೇ ನೋಡುತ್ತಿದ್ದ, ಅಳಿಯನನ್ನೂ ಕರೆಸಿಕೊಂಡಿದ್ದ. ಭಾವನ ಕೈ ತಾನಾಗಿಯೇ ಕತ್ತಿನ ದಾರಕ್ಕೆ ಹೋಯಿತು.

"ಸ್ವಾಮಿ," ಎಂದರು, "ತಮಾಷೆ ಸಾಕು. ನಂಗೆ ಇದರ ಗಡಿಯಾರ ಬದಲಾಯಿಸೋಕೆ ಬರಲ್ಲ. ಖಂಡಿತ ಬರಲ್ಲ. ನೀವು ಮಾಡಿ ತೋರಿಸಿ."

ಲಿಂಡ್ಸೆ ನಕ್ಕ. ಆಮೇಲೆ ಭಾವನ ಮುಖ ನೋಡಿದ. ನಗು ನಿಂತಿತು.

"ನಿಜವಾಗ್ಲೂ ಬರಲ್ವಾ ಸರ್?"

"ಹುಲ್ಲಿನಾಣೆ."

ಅವನು ಪಕ್ಕದ ಬೆಂಚಿನ ಮೇಲೆ ಕುಸಿದು ಕೂತ. "ನಂಗೂ ಬರಲ್ಲ ಸರ್," ಎಂದ. "ಶುರುವಿನಿಂದಾನೂ ಬರಲ್ಲ. ನಮ್ಮನೇಲೂ ಮೂರಕ್ಕೇ ಬರುತ್ತೆ ನೀರು. ಹೆಂಡತಿ ಒಗೆದು ಹಾಕಿದ ಬಟ್ಟೆ ಒಂದಿನ ಒಣಗಿಲ್ಲ. ಹುಡುಕಿ ಹುಡುಕಿ ಅಂತ ಎಲ್ಲರಿಗೂ ಹೇಳ್ತಿದ್ದೆ, ಯಾರಾದ್ರೂ ಹುಡುಕಿ ಕೊಡ್ತಾರೇನೋ ಅಂತ. ಯಾರೂ ಕೊಡ್ಲಿಲ್ಲ. ನೀವು ಬಂದ್ರಿ, ಅಂತೂ ಒಬ್ಬ ಬಲ್ಲವರು ಸಿಕ್ಕರು ಅಂದ್ಕೊಂಡೆ."

ಅವನು ಅಳುವುದರಲ್ಲಿದ್ದ. ನನಗೆ ಅವನ ಮೇಲೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಭಾವನಂತೂ ಹತ್ತು ವರ್ಷ ಚಿಕ್ಕವರಾದಂತೆ ಕಂಡರು. ಬಲ್ಲವರ ನಡುವೆ ತಾನೊಬ್ಬನೇ ದಡ್ಡ ಎಂದು ಅಷ್ಟು ದಿನ ಒಳಗೊಳಗೇ ಕುಗ್ಗಿದ್ದ ಮನುಷ್ಯ, ಆ ಕ್ಷಣ ಎದ್ದು ನಿಂತು ಷರ್ಟು ಸರಿಮಾಡಿಕೊಂಡರು. ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಂತಾಗ ಒಳಗಿನ ಮಕ್ಕಳನ್ನು ಹೇಗೆ ಇಳಿಸಬೇಕೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನೇರ ಹುಲ್ಲಿನ ನಡುವೆ ಹೋಗಿ ಎರಡೂ ಕೈ ಎತ್ತಿದರು.

"ಎಲ್ಲರೂ ಗುಂಡು ಇದ್ದಲ್ಲೇ ಬಿಟ್ಟು ಹೊರಗೆ ಬನ್ನಿ! ಚಹಾ ಸಮಯ!"

"ಆಟದ ಮಧ್ಯೆ ಚಹಾನಾ?" ರಾಯ್ಸ್ ಕೂಗಿದ. "ಯಾವ ನಿಯಮದಲ್ಲಿದೆಯೋ?"

"ಬಿಸಿಲಿನ ನಿಯಮದಲ್ಲಿ. ಗ್ಲೆನಿ, ಸ್ಕೋನ್ ಬನ್ನು ತಾರೇ!"

ಕೊನೆಯವರು ಅಂಚು ದಾಟಿದರೋ ಇಲ್ಲವೋ, ಮೂರು ಹೊಡೆಯಿತು, ನೀರು ಚಿಮ್ಮಿತು. ನೆರಳಿನಲ್ಲಿ ನಿಂತವರ ಮುಖಕ್ಕೆ ತಣ್ಣನೆಯ ಗಾಳಿ ಬಡಿಯಿತು, ನೊಣಗಳು ಎದ್ದು ಹೋದವು. ಕಾದ ಹುಲ್ಲಿನಿಂದ ಮಳೆಯ ವಾಸನೆ ಬಂತು. ಥೆಲ್ಮಾ ಕ್ವಿಕ್ ಕಣ್ಣು ಮುಚ್ಚಿ ಒಂದು ದೀರ್ಘ ಉಸಿರೆಳೆದಳು.

"ಇಷ್ಟು ವರ್ಷ ಆಡಿದೀನಿ," ಎಂದಳು. "ಇಂಥ ಮರ್ಯಾದೆ ಯಾವ ಕ್ಲಬ್ಬೂ ಮಾಡಿಲ್ಲ. ಇದು ಯಾರ ಯೋಚನೆ?"

ರಾಯ್ಸ್ ಕೈಯಲ್ಲಿದ್ದ ಸ್ಕೋನ್ ನೋಡಿದ, ನೀರು ನೋಡಿದ, ಥೆಲ್ಮಾಳ ಮುಖ ನೋಡಿದ. "ನಮ್ಮ ಸಮಿತಿದು," ಎಂದ. ಅಳಿಯನನ್ನು ಊರಿಗೆ ಕಳಿಸಿದ. ಕೀಲಿ ಭಾವನ ಕತ್ತಿನಲ್ಲೇ ಉಳಿಯಿತು.

ಅಂದು ನಾವು ಸೋತೆವು, ಅದು ಬೇರೆ ಮಾತು. ಮೂರು ಗಂಟೆಯ ಚಹಾ ಮಾತ್ರ ಇಡೀ ಸೀಮೆಗೆ ಹೆಸರಾಯಿತು. ಪ್ರತಿ ಶನಿವಾರ ಜನ ಆಟ ನೋಡಲಲ್ಲ, ನೀರು ನೋಡಲು ಬಂದರು. ಅಡುಗೆಮನೆಗೆ ಎರಡನೇ ಒಲೆ ಬಂತು. ರಾಯ್ಸ್ ಗೇಟಿನ ಮೇಲೆ "ಮೂರು ಗಂಟೆಯ ತಂಪು" ಎಂದು ಫಲಕ ಬರೆಸಿದ.

ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಲಿಂಡ್ಸೆ ಈಗ ಮನೆಯವನಂತೆ ಆಗಿಬಿಟ್ಟಿದ್ದ. ಒಂದು ಶುಕ್ರವಾರ ಸಂಜೆ ಅವನೂ ಭಾವನೂ ಹೊತ್ತು ಹೋಗದೆ ಪೆಟ್ಟಿಗೆಯ ಮುಂದೆ ಕೂತು, ಅದು ಒತ್ತಿ, ಇದು ಒತ್ತಿ, ಅಲ್ಲಿ ಉಗುರು ಹಾಕಿ, ಇಲ್ಲಿ ಊದಿ ನೋಡಿದರು. ಮರುದಿನ ಶನಿವಾರ ಮೂರಕ್ಕೆ ನೂರಾರು ಜನ ಕಪ್ಪು ಹಿಡಿದು ಹುಲ್ಲಿನತ್ತ ತಿರುಗಿದರು. ನೀರು ಬರಲಿಲ್ಲ. ಬೆಳಗಿನ ಜಾವವೇ ಬಂದು ಹೋಗಿತ್ತು. ಪೆಟ್ಟಿಗೆ ಸರಿಹೋಗಿತ್ತು.

ನೊಣಗಳು ವಾಪಸು ಬಂದವು. ಯಾರೋ, "ಮೋಸ!" ಎಂದರು. ರಾಯ್ಸ್ ಜನರನ್ನು ಸೀಳಿಕೊಂಡು ಬಂದು ಕೈ ಚಾಚಿದ.

"ಏನೋ ಮಾಡಿದೆ ಅದಕ್ಕೆ? ಎಷ್ಟು ಚೆನ್ನಾಗಿ ಕೆಟ್ಟಿತ್ತು! ಕೀಲಿ ಬಿಚ್ಚು."

"ಒಂದ್ನಿಮಿಷ ತಡಿಯೋ."

"ಒಂದ್ನಿಮಿಷಾನೂ ಇಲ್ಲ. ಬಿಚ್ಚು."

ಭಾವ ದಾರವನ್ನು ಕತ್ತಿನಿಂದ ತೆಗೆದರು. ರಾಯ್ಸನ ಅಂಗೈಯಲ್ಲಿ ಇಟ್ಟರು. ಆ ಮುಖ ನೋಡಲಾಗದೆ ನಾನು ನೆಲ ನೋಡಿದೆ. ಆದರೆ ಅವರು ಮನೆಗೆ ಹೋಗಲಿಲ್ಲ. ಕ್ಲಬ್ಬಿನ ಕಚೇರಿಗೆ ನುಗ್ಗಿ, ಕಂಪ್ಯೂಟರ್ ಮುಂದೆ ಕೂತು, ಎಲ್ಲರೂ ಕಿಟಕಿಯಿಂದ ನೋಡುತ್ತಿರುವಂತೆಯೇ ಒಂದು ಸಾಲು ಕುಟ್ಟಿದರು: "ನನ್ನ ಪೆಟ್ಟಿಗೆ ಸರಿಯಾಗಿ ಕೆಲಸ ಮಾಡುತ್ತಿದೆ. ಇದನ್ನು ಕೆಡಿಸುವುದು ಹೇಗೆ?"

ಉತ್ತರಗಳು ಬಂದವು. ಬಂದವು ಎಂದರೆ ಸಾಲದು, ಸುರಿದವು. ಫಿನ್ಲೆಂಡಿನಿಂದ ಬಂದವು, ಪೆರುವಿನಿಂದ ಬಂದವು. ಯಾರೂ ಮಾದರಿ ಸಂಖ್ಯೆ ಕೇಳಲಿಲ್ಲ, ಯಾರೂ ವಿಭಾಗ ತಪ್ಪಿದೆ ಎನ್ನಲಿಲ್ಲ. ಯಾವ ಗುಂಡಿ, ಎಷ್ಟು ಹೊತ್ತು ಒತ್ತಬೇಕು, ಯಾವ ತಂತಿ ಅಲ್ಲಾಡಿಸಬೇಕು ಎಂದು ಒಬ್ಬೊಬ್ಬರೂ ಚಿತ್ರ ಸಮೇತ, ಬಾಣದ ಗುರುತು ಸಮೇತ, ಅಕ್ಕರೆಯಿಂದ ವಿವರಿಸಿದ್ದರು. ಪ್ರತಿಯೊಬ್ಬರೂ ಸ್ವಂತ ಅನುಭವದಿಂದ ಬರೆದಿದ್ದರು. ಕೊಳವೆ ವಿಭಾಗದ ಹೆಂಗಸು ತಾನು ಕೆಡಿಸಿದ ಮೂರು ಬೇರೆಬೇರೆ ವಿಧಾನಗಳನ್ನು ಕೊಟ್ಟು, ಎರಡನೆಯದು ಹೊಸಬರಿಗೆ ಸುಲಭ ಎಂದಿದ್ದಳು.

ಲಿಂಡ್ಸೆ ಓದಿ ಹೇಳಿದ, ಭಾವ ಒತ್ತಿದರು. ಹೊರಗೆ ಹುಲ್ಲಿನ ಅಂಚಿನಲ್ಲಿ ಏನೋ ಗೊರಗೊರ ಎಂದಿತು, ಆಮೇಲೆ ನಾಲ್ಕೂ ಕಡೆಯಿಂದ ನೀರು ಎದ್ದಿತು. ಜನ ಚಪ್ಪಾಳೆ ತಟ್ಟಿದರು. ರಾಯ್ಸ್ ಕಚೇರಿಯ ಬಾಗಿಲು ದಾಟಿ ಒಳಗೆ ಬಂದು, ಬಗ್ಗಿ, ಕೀಲಿಯ ದಾರವನ್ನು ಭಾವನ ಕತ್ತಿಗೆ ತಾನೇ ಹಾಕಿದ.